ಪುಟ್ಟ ಕಾಲಿಗೆ ಎಷ್ಟು ಕಿಲೋಮೀಟರ್?

ಅಮೆರಿಕದ ಕೊಲರಾಡೊ ರಾಜ್ಯದಲ್ಲಿರುವ ರಾಕಿ ಮೌಂಟನ್ ನ್ಯಾಷನಲ್ ಪಾರ್ಕ್‌ನ ಬೇರ್ ಲೇಕ್ ಎಂಬ ಕೆರೆಯನ್ನು ಒಂದು ಸುತ್ತು ಹಾಕಿದರೆ ಕಿಲೋಮೀಟರಿಗಿಂತ ತುಸು ಹೆಚ್ಚು ದೂರವಾಗುತ್ತದೆ. ದೊಡ್ಡವರು ಮಾತಾಡುತ್ತಲೇ ಅರ್ಧ ಗಂಟೆಯೊಳಗೆ ಮುಗಿಸುತ್ತಾರೆ. ನಾಲ್ಕು ವರ್ಷದ ಮಗು ಜೊತೆಗಿದ್ದರೆ ಒಂದೂವರೆ ಗಂಟೆಯಾದರೂ ಆದೀತು. ಸಿಕ್ಕ ಕಲ್ಲನ್ನೆಲ್ಲ ಹತ್ತಬೇಕು, ಹತ್ತಿದ ಮೇಲೆ ಧುಮುಕಬೇಕು. ನಡುವೆ ಎಲ್ಲೋ ಕಾಲು ನೋವೆಂದು ಕೂತು "ಎತ್ಕೋ" ಎಂಬ ರಾಗ. ಎತ್ತಿಕೊಂಡ ಐದೇ ನಿಮಿಷಕ್ಕೆ ಇಳಿದು ಮತ್ತೆ ಓಟ! ಇದೆಲ್ಲ ನಾಟಕ ಎಂದು ಅಪ್ಪ-ಅಮ್ಮಂದಿರಿಗೆ ಅನ್ನಿಸುವುದು ಸಹಜ. ಆದರೆ ಶರೀರಶಾಸ್ತ್ರ ಮಗುವಿನ ಪಕ್ಷ ವಹಿಸುತ್ತದೆ.

ಬೇಗ ದಣಿಯುವುದಕ್ಕೆ ಕಾರಣ ಮಗುವಿನ ಎತ್ತರ. ಅಮೆರಿಕದ ಪೀಟರ್ ವೇಯಂಡ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪುಟ್ಟ ಮಕ್ಕಳಿಂದ ದೊಡ್ಡವರವರೆಗೆ ಹಲವರನ್ನು ನಡೆಸಿ, ಅವರ ದೇಹ ಖರ್ಚು ಮಾಡುವ ಶಕ್ತಿಯನ್ನು ಅಳೆದರು. ದೇಹತೂಕದ ಪ್ರತಿ ಕಿಲೋಗೆ ಒಂದು ಹೆಜ್ಜೆಗೆ ತಗಲುವ ಶಕ್ತಿ ಎಲ್ಲರಲ್ಲೂ ಹೆಚ್ಚುಕಡಿಮೆ ಒಂದೇ. ಆದರೆ ಗಿಡ್ಡ ಕಾಲಿನವರು ಅಷ್ಟೇ ದೂರಕ್ಕೆ ಹೆಚ್ಚು ಹೆಜ್ಜೆ ಹಾಕಬೇಕು. ಒಂದು ಮೀಟರ್ ಎತ್ತರದ ಮಗುವಿಗೆ ಪ್ರತಿ ಕಿಲೋ ತೂಕದ ಲೆಕ್ಕದಲ್ಲಿ ಈ ದಾರಿ ಅಪ್ಪನಿಗಿಂತ ಒಂದೂವರೆ ಪಟ್ಟಿಗೂ ಹೆಚ್ಚು ದುಬಾರಿ.

ಹಾಗಾದರೆ ಐದು ನಿಮಿಷದಲ್ಲಿ ಸುಸ್ತು ಎಲ್ಲಿ ಹೋಯಿತು? ಸೆಬಾಸ್ಟಿಯನ್ ರಾಟೆಲ್ ಮತ್ತು ಆಂಟನಿ ಬ್ಲೇಜ್‌ವಿಚ್ ಇದ್ದ ತಂಡ 8ರಿಂದ 12 ವರ್ಷದ ಹುಡುಗರನ್ನೂ ವ್ಯಾಯಾಮದ ಅಭ್ಯಾಸವಿಲ್ಲದ ಗಂಡಸರನ್ನೂ ದೂರದ ಓಟ, ಸೈಕಲ್ ಸ್ಪರ್ಧೆಗಳಲ್ಲಿ ಪಳಗಿದವರನ್ನೂ ಸೈಕಲ್ ತುಳಿಸಿ ನೋಡಿತು. 2018ರಲ್ಲಿ ಬಂದ ಫಲಿತಾಂಶದ ಪ್ರಕಾರ, ಹುಡುಗರ ಎದೆಬಡಿತ ಆ ಪಳಗಿದವರಿಗಿಂತಲೂ ಬೇಗ ಹದಕ್ಕೆ ಮರಳಿತ್ತು. ಶ್ರಮದಿಂದ ರಕ್ತದಲ್ಲಿ ಸೇರಿದ ಲ್ಯಾಕ್ಟೇಟ್ ಎಂಬ ವಸ್ತು ಕೂಡ ಬೇಗ ಕರಗಿತ್ತು. ಇನ್ನೂ ಚಿಕ್ಕ ಮಕ್ಕಳನ್ನು ಅಲ್ಲಿ ಪರೀಕ್ಷಿಸಿರಲಿಲ್ಲ, ನಿಜ. ಆದರೂ ಅಮ್ಮಂದಿರಿಗೆ ಮೊದಲಿಂದ ಗೊತ್ತಿದ್ದ ಸಂಗತಿ ಪ್ರಯೋಗಾಲಯದಲ್ಲೂ ಕಂಡಿತು ಎನ್ನಬಹುದು.

ಹೀಗಾಗಿ ಮಕ್ಕಳಿಗೆ ಹೊಂದುವುದು ಪದೇ ಪದೇ ನಿಲ್ಲಲು ನೆಪ ಸಿಗುವ ದಾರಿ. ಇದೇ ಪಾರ್ಕ್‌ನ ಸ್ಪ್ರೇಗ್ ಲೇಕ್ ಸುತ್ತಿನ ದಾರಿ ಅಂಥದ್ದು: ಸಮತಟ್ಟು ನೆಲ, ಮಗುವಿನ ತಳ್ಳುಗಾಡಿಯೂ ಸಲೀಸಾಗಿ ಹೋಗುತ್ತದೆ. ಪಾರ್ಕ್‌ನ ತಗ್ಗು ಭಾಗದಲ್ಲಿ ಪಾಂಡರೋಸಾ ಪೈನ್ ಮರಗಳಿವೆ. ಬಿಸಿಲಿಗೆ ಕಾದ ಅವುಗಳ ತೊಗಟೆಯ ಸೀಳಿಗೆ ಮೂಗು ಒತ್ತಿದರೆ ವೆನಿಲಾ ಐಸ್‌ಕ್ರೀಮಿನ ವಾಸನೆ. ಒಂದು ಮರ ಮೂಸಿದ ಮಗು ಮುಂದಿನ ಹತ್ತು ಮರವನ್ನಾದರೂ ಮೂಸದೆ ಬಿಡುವುದಿಲ್ಲ.

ಎತ್ತರದ ಮಾತು ಬೇರೆ. ಬೇರ್ ಲೇಕ್ ಇರುವುದು ಸುಮಾರು 2,890 ಮೀಟರ್ ಮೇಲೆ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯ ತುದಿ 1,930 ಮೀಟರ್. ಇಲ್ಲಿ ಕಾರು ನಿಲ್ಲಿಸುವ ಜಾಗವೇ ಅದಕ್ಕಿಂತ ಹೆಚ್ಚುಕಡಿಮೆ ಒಂದು ಕಿಲೋಮೀಟರ್ ಮೇಲಿದೆ. ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲೆಡೆಯಂತೆ ಶೇಕಡ 21. ಆದರೆ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಶೇಕಡ 70 ಮಾತ್ರ. ಒಂದು ಉಸಿರಿಗೆ ಸಿಗುವ ಆಮ್ಲಜನಕವೂ ಅಷ್ಟೇ ಕಡಿಮೆ. ತಲೆನೋವು, ವಾಕರಿಕೆ ಬಂದರೆ ದೊಡ್ಡವರು ಹೇಳಿಕೊಳ್ಳುತ್ತಾರೆ. ಎರಡು ವರ್ಷದ ಕೂಸು ಊಟ ಬಿಡುತ್ತದೆ, ಆಟ ಬಿಡುತ್ತದೆ, ನಿದ್ದೆಗೆಟ್ಟು ರಚ್ಚೆ ಹಿಡಿಯುತ್ತದೆ. ಅದನ್ನು ಬರೀ ಹಟವೆಂದು ಗದರಬಾರದು. ಕೂಡಲೇ ತಗ್ಗಿಗೆ ಇಳಿಯಬೇಕು. ಭಾರತದಿಂದ ಮೊಮ್ಮಕ್ಕಳನ್ನು ನೋಡಲು ಬಂದ ಅಜ್ಜಿ-ತಾತಂದಿರಿಗೂ ಈ ಎಚ್ಚರ ಬೇಕು. ಪಾರ್ಕ್‌ನ ಬಾಗಿಲಲ್ಲಿರುವ ಎಸ್ಟೆಸ್ ಪಾರ್ಕ್ ಊರು ಸುಮಾರು 2,300 ಮೀಟರ್ ಎತ್ತರದಲ್ಲಿದೆ. ಅಲ್ಲಿ ಒಂದು ರಾತ್ರಿ ತಂಗಿ ಮೇಲೆ ಹೋಗುವುದು ಜಾಣತನ.

ಬೆನ್ನಮೇಲಿನ ಕ್ಯಾರಿಯರ್‌ನಲ್ಲಿ ಕೂತ ಮಗುವಿನದು ಇನ್ನೊಂದು ಕಥೆ. ಹೊತ್ತು ನಡೆಯುವ ಅಪ್ಪ ಬೆವರುತ್ತಿರುತ್ತಾನೆ, ಅಲ್ಲಾಡದೆ ಕೂತ ಮಗು ನಡುಗುತ್ತಿರುತ್ತದೆ. ತೂಕಕ್ಕೆ ಹೋಲಿಸಿದರೆ ಪುಟ್ಟ ದೇಹಕ್ಕೆ ಚರ್ಮ ಹೆಚ್ಚು, ಶಾಖ ಸೋರಿಹೋಗುವುದೂ ಬೇಗ. ಆಗಾಗ ಕತ್ತಿನ ಹಿಂಭಾಗ ಮುಟ್ಟಿ ನೋಡಬೇಕು.

ಈ ಪಾರ್ಕ್‌ನಲ್ಲಿ ಮಕ್ಕಳಿಗೆ ಒಂದೇ ಜಾಗ ತೋರಿಸಬೇಕೆಂದರೆ ಅಲೂವಿಯಲ್ ಫ್ಯಾನ್ ತೋರಿಸಬೇಕು. ಬಸ್ಸಿನಷ್ಟು ದೊಡ್ಡ, ಕುರ್ಚಿಯಷ್ಟು ಸಣ್ಣ ಬಂಡೆಗಳು ಬೀಸಣಿಗೆಯಾಕಾರದಲ್ಲಿ ಹರಡಿ ಬಿದ್ದಿವೆ; ನಡುವೆ ತೊರೆ. ಸಾವಿರಾರು ವರ್ಷಗಳ ಕೆಲಸದಂತೆ ಕಾಣುವ ಇದರ ಬಹುಪಾಲು ಒಂದೇ ಬೆಳಗಿನದು. ರೈತರು ನೀರಾವರಿಗಾಗಿ 1903ರಲ್ಲಿ ಲಾನ್ ಲೇಕ್‌ಗೆ ಮಣ್ಣಿನ ಕಟ್ಟೆ ಹಾಕಿದ್ದರು. 1982ರ ಜುಲೈ 15ರ ಮುಂಜಾನೆ ಅದು ಒಡೆಯಿತು. ಕಸ ಸಾಗಿಸಲು ಬಂದಿದ್ದವನೊಬ್ಬ ವಿಮಾನದಂಥ ಸದ್ದು ಕೇಳಿ, ಮರಗಳು ಗಾಳಿಗೆ ಹಾರುವುದನ್ನು ಕಂಡು ತುರ್ತು ಫೋನಿನಲ್ಲಿ ಸುದ್ದಿ ಮುಟ್ಟಿಸಿದ್ದರಿಂದ ಬಹಳ ಜನ ಉಳಿದರು, ಮೂವರು ಸತ್ತರು. ನೀರು ಉರುಳಿಸಿದ ಅತಿ ದೊಡ್ಡ ಬಂಡೆಯ ತೂಕ 450 ಟನ್‌ಗೂ ಹೆಚ್ಚೆಂದು ಅಂದಾಜು. ನೀರು ಕಲ್ಲನ್ನು ಹೊರುತ್ತದೆ ಎಂಬ ಪಾಠವನ್ನು ಮಕ್ಕಳು ಆ ಕಲ್ಲುಗಳ ಮೇಲೇ ಹತ್ತಿಳಿದು ಕಲಿಯಬಹುದು. 2013ರ ಪ್ರವಾಹ ಇಲ್ಲಿನ ನಕ್ಷೆಯನ್ನು ಮತ್ತೊಮ್ಮೆ ಬದಲಿಸಿತು.

ಪಾರ್ಕ್‌ನೊಳಗಿನ ಟ್ರೈಲ್ ರಿಡ್ಜ್ ರಸ್ತೆ 3,700 ಮೀಟರ್ ದಾಟಿ ಮರಗಳೇ ಬೆಳೆಯದ ಬಯಲಿಗೆ ಏರುತ್ತದೆ. ಅಲ್ಲಿ ಕಲ್ಲುಗಳ ನಡುವೆ ಪೈಕಾ ಕೀಚಲು ದನಿಯಲ್ಲಿ ಕೂಗುತ್ತದೆ. ನೋಡಲು ದಪ್ಪ ಇಲಿ, ಕುಲದಲ್ಲಿ ಮೊಲದ ದಾಯಾದಿ. ಚಳಿಗಾಲವಿಡೀ ನಿದ್ರಿಸುವ ಜಾತಿಯಲ್ಲದ್ದರಿಂದ ಬೇಸಿಗೆಯಲ್ಲೇ ಹುಲ್ಲು ಕೊಯ್ದು ಬಣವೆ ಒಟ್ಟುತ್ತದೆ. ಮಕ್ಕಳು ಹಾದಿ ಬಿಟ್ಟು ಅದರ ಹಿಂದೆ ಓಡದಂತೆ ಕೈ ಹಿಡಿದಿರಬೇಕು. ಇಲ್ಲಿ ತುಳಿದ ಗಿಡ ಚೇತರಿಸಿಕೊಳ್ಳಲು ದಶಕಗಳೇ ಬೇಕಾಗಬಹುದು. ಬೇಸಿಗೆ ಮಧ್ಯಾಹ್ನಗಳಲ್ಲಿ ಸಿಡಿಲೂ ಸಾಮಾನ್ಯ. ಬಿಸಿಲಿಗೆ ಕಾದ ಇಳಿಜಾರಿನ ಗಾಳಿ ಮೇಲೇರಿ ಮೋಡಗಟ್ಟುವುದರೊಳಗೆ ಕೆಳಗಿಳಿದುಬಿಡಬೇಕು.

ಈ ರಸ್ತೆ ಅಕ್ಟೋಬರ್ ನಡುಭಾಗದಿಂದ ಮೇ ಕೊನೆಯವರೆಗೆ ಸಾಮಾನ್ಯವಾಗಿ ಹಿಮದಿಂದಾಗಿ ಬಂದ್. ಬೇಸಿಗೆಯಲ್ಲಿ ಜನಜಂಗುಳಿ ಹೆಚ್ಚಿ, ಇತ್ತೀಚಿನ ವರ್ಷಗಳಲ್ಲಿ ಬೇರ್ ಲೇಕ್ ಕಡೆಗೆ ಕಾರಿನಲ್ಲಿ ಹೋಗಲು ಗಂಟೆ ನಿಗದಿಯಾದ ಪ್ರವೇಶಚೀಟಿಯನ್ನು ಮುಂಗಡವಾಗಿ ಪಡೆಯಬೇಕಾಗಿದೆ. ಬೆಳಗಿನದನ್ನೇ ಹಿಡಿದರೆ ಗುಡುಗು ಶುರುವಾಗುವ ಮೊದಲು, ಮಗುವಿನ ಮಧ್ಯಾಹ್ನದ ನಿದ್ದೆಯ ಹೊತ್ತಿಗೆ ಕಾರಿಗೆ ವಾಪಸಾಗಬಹುದು.