ಹಲ್ಲಿನ ಚಿಕಿತ್ಸೆಗೆ ವಿಮೆ ಒದಗುವುದೆಷ್ಟು?

ನೌಕರರಿಗಾಗಿ ಸಮೂಹ ಆರೋಗ್ಯ ವಿಮೆ ಮಾಡಿಸಿರುವ ವರ್ತಕರೂ ಉದ್ದಿಮೆದಾರರೂ ಅನೇಕರಿದ್ದಾರೆ. ಆದರೆ ಹಲ್ಲಿನ ಚಿಕಿತ್ಸೆಯ ಬಿಲ್ಲು ತಿರಸ್ಕೃತವಾದ ಬಳಿಕವೇ ಪಾಲಿಸಿಯ ಷರತ್ತುಗಳತ್ತ ಗಮನ ಹರಿಯುವುದುಂಟು.

ಸಾಮಾನ್ಯ ಆರೋಗ್ಯ ವಿಮೆಯು ಮುಖ್ಯವಾಗಿ ಒಳರೋಗಿಯಾಗಿ ದಾಖಲಾದವರ ವೆಚ್ಚಕ್ಕೆಂದು ರೂಪಿತವಾದುದು. ಹುಳುಕು ತುಂಬಿಸುವುದು, ರೂಟ್ ಕೆನಾಲ್, ಹಲ್ಲು ಕೀಳಿಸುವುದು ಇವೆಲ್ಲ ದಾಖಲಾಗದೆಯೇ ನಡೆಯುವುದರಿಂದ ಬಹುತೇಕ ಪಾಲಿಸಿಗಳ ವ್ಯಾಪ್ತಿಗೆ ಬರುವುದಿಲ್ಲ. ಅಪಘಾತದಲ್ಲಿ ದವಡೆ ಮುರಿದು ಆಸ್ಪತ್ರೆಗೆ ಸೇರಿದರೆ ಸ್ಥಿತಿ ಬೇರೆ. 2020ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಆರೋಗ್ಯ ಸಂಜೀವನಿ ಪಾಲಿಸಿಯಲ್ಲಿ, ರೋಗ ಅಥವಾ ಗಾಯದಿಂದ ಅನಿವಾರ್ಯವಾದ ದಂತ ಚಿಕಿತ್ಸೆಯನ್ನು ಆಸ್ಪತ್ರೆ ವೆಚ್ಚದಡಿ ಸೇರಿಸಲಾಗಿದೆ.

ಇ.ಎಸ್.ಐ. ಯೋಜನೆಯಾದರೋ ಹೊರರೋಗಿ ಚಿಕಿತ್ಸೆಯನ್ನೂ ಒಳಗೊಂಡಿದೆ. 2019ರ ಜುಲೈಯಲ್ಲಿ ವಂತಿಗೆಯು ಇಳಿದು, ಮಾಲೀಕರ ಪಾಲು ವೇತನದ ಶೇ. 3.25, ನೌಕರರ ಪಾಲು ಶೇ. 0.75 ಎಂದು ನಿಗದಿಯಾಯಿತು. ಕಲಬುರಗಿಯಲ್ಲಿ ನಿಗಮದ್ದೇ ದಂತ ವೈದ್ಯಕೀಯ ಕಾಲೇಜು ಸಹ ಇದೆ. ವಂತಿಗೆ ಕಟ್ಟುತ್ತಿದ್ದರೂ ಈ ಸೌಲಭ್ಯವನ್ನರಿಯದ ಕಾರ್ಮಿಕನು ಖರ್ಚಿಗೆ ಅಂಜಿ ನೋವಿನ ಮಾತ್ರೆ ನುಂಗುತ್ತ ದಿನ ತಳ್ಳುತ್ತಾನೆ. ಒಂದೇ ಭೇಟಿಯಲ್ಲಿ ತುಂಬಿಸಬಹುದಾಗಿದ್ದ ಹುಳುಕು ನರವನ್ನು ಮುಟ್ಟಿದರೆ ರೂಟ್ ಕೆನಾಲ್ ಬೇಕಾಗುತ್ತದೆ. ಮತ್ತೂ ತಡಮಾಡಿದರೆ ಹಲ್ಲೇ ಹೋಗುತ್ತದೆ. ಕೆಲಸದ ದಿನಗಳೂ ನಷ್ಟವಾಗುತ್ತವೆ.

ಆದುದರಿಂದ ಇ.ಎಸ್.ಐ.ಗೆ ಒಳಪಟ್ಟ ನೌಕರರಿಗೆ ಹತ್ತಿರದ ಚಿಕಿತ್ಸಾಲಯದ ವಿವರವನ್ನು ಸೂಚನಾ ಫಲಕದಲ್ಲಿ ತಿಳಿಸುವುದು ಲೇಸು. ಉಳಿದವರ ಪಾಲಿಸಿಯನ್ನು ನವೀಕರಿಸುವ ಮುನ್ನ ಮೂರು ಪ್ರಶ್ನೆಗಳಿಗೆ ವಿಮಾ ಕಂಪನಿಯಿಂದ ಲಿಖಿತ ಉತ್ತರ ಪಡೆಯಬೇಕು: ಹೊರರೋಗಿ ದಂತ ಚಿಕಿತ್ಸೆ ಸೇರಿದೆಯೇ? ವಾರ್ಷಿಕ ಮಿತಿ ಎಷ್ಟು? ಕಾಯುವ ಅವಧಿ ಎಷ್ಟು? ಏಜೆಂಟರ ಬಾಯಿಮಾತು ಕ್ಲೇಮಿನ ವೇಳೆಗೆ ಆಧಾರವಾಗದು.