ಬೀಗದ ಕೈಗೆ ಬಾಯಿ ಬಂದಾಗ

ಮಲ್ಪೆಯ ಕಡಲು ಆವತ್ತು ನನ್ನಿಂದ ಒಂದು ಕೀ ಗೊಂಚಲು ವಸೂಲು ಮಾಡಿತು. ಸಂಜೆ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದಾಗ ಜೇಬಿನಲ್ಲಿತ್ತು. ಮರಳು ಕೊಡವಿಕೊಂಡು ಕಾರಿನ ಹತ್ತಿರ ಬಂದಾಗ ಇರಲಿಲ್ಲ. ಚರುಮುರಿ ಮಾರುತ್ತಿದ್ದವರು ನನ್ನ ಮುಖ ನೋಡಿಯೇ ವಿಷಯ ತಿಳಿದವರಂತೆ ಒಂದು ಫೋನ್ ನಂಬರು ಕೊಟ್ಟರು. ಮುಕ್ಕಾಲು ಗಂಟೆಯಲ್ಲಿ ಉಡುಪಿಯಿಂದ ಸ್ಕೂಟರಿನಲ್ಲಿ ಕೀ ಮಾಡುವವರು ಬಂದರು. ಹೆಗಲಲ್ಲೊಂದು ಚೀಲ.

“ಇನ್ನೊಂದು ಕೀ ಉಂಟಲ್ಲ ಸರ್?”

“ಇದೆ. ಬೆಂಗಳೂರಿನ ಮನೆಯ ಬೀರುವಿನಲ್ಲಿ.”

“ಬೀರುವಿನ ಕೀ?”

“ಇದೇ ಗೊಂಚಲಿನಲ್ಲಿತ್ತು.”

ಅವರು ನಗಲಿಲ್ಲ. ಇಂಥದ್ದನ್ನು ಕೇಳಿ ಕೇಳಿ ಪಳಗಿದ ಮುಖ. “ಮೊದಲು ಆರ್‌ಸಿ ತೋರಿಸಿ, ಆಮೇಲೆ ಬೀಗದ ಕಥೆ” ಅಂದರು. ಆರ್‌ಸಿ ಕಾರಿನೊಳಗೆ ಭದ್ರವಾಗಿತ್ತು! ಫೋನಿನಲ್ಲಿದ್ದ ಡಿಜಿಲಾಕರ್ ಮಾನ ಉಳಿಸಿತು. ಹೆಸರು, ಮುಖ, ಕಾರಿನ ನಂಬರು ಮೂರನ್ನೂ ತಾಳೆ ನೋಡಿ, ಒಂದು ಫೋಟೊ ತೆಗೆದಿಟ್ಟುಕೊಂಡು, ಆಮೇಲಷ್ಟೇ ಚೀಲದ ಜಿಪ್ ಎಳೆದರು. ಚೀಲದ ತಳದಲ್ಲಿ ಅರ ಇತ್ತು. ಮೇಲೆ ಒಂದು ಟ್ಯಾಬ್ಲೆಟ್. ಈ ಕಸುಬು ನಡೆದು ಬಂದ ದಾರಿಯೂ ಅದೇ.

ಕೈ ಮಾತ್ರ ಇದ್ದ ಕಾಲ

ಹಳೆ ಮೈಸೂರಿನವರಿಗೆ ಇದು ಬೀಗದ ಕೈ. ಧಾರವಾಡದ ಕಡೆ ಬೀಗವೇ ಕೀಲಿ, ಅದನ್ನು ತೆರೆಯುವುದು ಕೀಲಿಕೈ. ಮಾತು ಯಾವುದಾದರೂ ಕನ್ನಡಿಗರ ಕಣ್ಣಿಗೆ ಅದು ಕಂಡದ್ದು ಕೈಯಾಗಿಯೇ. ಬೀಗದ ಹೊಟ್ಟೆಯೊಳಗೆ ಹೋಗಿ ಕೆಲಸ ಮುಗಿಸಿ ಬರುವ ಕೈ.

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಕೀ ಈ ಹೆಸರಿಗೆ ತಕ್ಕಂತೆಯೇ ಇತ್ತು. ಕಾರಿನ ಬೀಗದೊಳಗೆ ತೆಳ್ಳನೆಯ ಬಿಲ್ಲೆಗಳ ಸಾಲಿರುತ್ತದೆ. ಒಂದೊಂದನ್ನೂ ಒಂದೊಂದು ಸ್ಪ್ರಿಂಗ್ ತಳ್ಳಿ ಹಿಡಿದಿರುತ್ತದೆ. ಕೀಯ ಹಲ್ಲುಗಳು ಎಲ್ಲ ಬಿಲ್ಲೆಗಳನ್ನೂ ಒಂದೇ ಮಟ್ಟಕ್ಕೆ ತಂದರೆ ಬೀಗ ತಿರುಗುತ್ತದೆ. ಕೀ ತಿರುಗಿಸಿದೊಡನೆ ಎಂಜಿನ್ ಶುರುವಾಗುವ ಏರ್ಪಾಡನ್ನು ಅಮೆರಿಕದ ಕ್ರೈಸ್ಲರ್ ಕಂಪನಿ 1949ರಲ್ಲಿ ತಂದಿತು. ಅದಕ್ಕೆ ಮುಂಚೆ ಸ್ಟಾರ್ಟರಿಗೆ ಬೇರೆಯೇ ಗುಂಡಿ.

ಕೀ ಕಳೆದರೆ ಫುಟ್‌ಪಾತಿನ ಕುಶಲಕರ್ಮಿ ಹಲ್ಲಿಲ್ಲದ ಖಾಲಿ ಕೀಯನ್ನು ಬೀಗಕ್ಕೆ ತೂರಿಸಿ, ಬಿಗಿಯಾಗಿ ತಿರುಚಿ, ಹೊರಗೆ ತೆಗೆದು ಬೆಳಕಿಗೆ ಹಿಡಿಯುತ್ತಿದ್ದ. ಬಿಲ್ಲೆ ಒತ್ತಿದಲ್ಲಿ ಸಾಸಿವೆಗಿಂತ ಚಿಕ್ಕ ಹೊಳಪು. ಅಲ್ಲಿಗೆ ಎರಡು ಸಲ ಅರ ಆಡಿಸಿ ಮತ್ತೆ ತೂರಿಸುವುದು, ಮತ್ತೆ ನೋಡುವುದು. ಹೊಳಪು ಮಾಯವಾದರೆ ಆ ಹಲ್ಲು ಸರಿಯಾಯಿತೆಂದು ಅರ್ಥ. ಹೆಚ್ಚು ಉಜ್ಜಿದರೆ ಕೀ ಕೆಟ್ಟಿತು. ಬರೀ ಕಣ್ಣು, ಬೆರಳುಗಳ ವಿದ್ಯೆ ಅದು.

ಕೀ ಮಾತಾಡತೊಡಗಿತು

ಆಕಾರವನ್ನು ನಕಲು ಮಾಡುವುದು ಕಳ್ಳನಿಗೂ ಸುಲಭ. ಹಾಗಾಗಿ ಕಾರು ಕೀಯ ಗುರುತು ಕೇಳಲು ಶುರುಮಾಡಿತು. 1986ರ ಷೆವ್ರೊಲೆ ಕಾರ್ವೆಟ್ ಕಾರಿನ ಕೀಯಲ್ಲಿ ವಿದ್ಯುತ್ತಿಗೆ ತಡೆಯೊಡ್ಡುವ ಪುಟ್ಟ ರೆಸಿಸ್ಟರ್ ಇತ್ತು. ಆ ತಡೆಯ ಪ್ರಮಾಣ ಹದಿನೈದು ಬಗೆಗಳಲ್ಲಿ ಒಂದು. ಹೊಂದದಿದ್ದರೆ ಎಂಜಿನ್ ಹೊರಡದು. ಹದಿನೈದನ್ನೂ ಒಂದೊಂದಾಗಿ ಪರೀಕ್ಷಿಸುವ ತಾಳ್ಮೆ ಕಳ್ಳರಿಗಿತ್ತು.

ಮುಂದಿನ ಹೆಜ್ಜೆ ಇಂದಿಗೂ ಉಳಿದಿರುವ ಚಿಪ್. ಕೀಯ ಪ್ಲಾಸ್ಟಿಕ್ ತಲೆಯೊಳಗೆ ಕುಳಿತಿರುವ ಇದಕ್ಕೆ ಬ್ಯಾಟರಿ ಬೇಡ. ಕೀ ತೂರಿಸುವ ಜಾಗದ ಸುತ್ತ ತಂತಿಯ ಸುರುಳಿಯಿದೆ. ಅದು ಸುಮಾರು 125 ಕಿಲೋಹರ್ಟ್ಸ್‌ನ ಅಲೆ ಹೊರಡಿಸುತ್ತದೆ. ಆ ಅಲೆಯಿಂದಲೇ ಚಿಪ್ಪಿಗೆ ಜೀವ ಬಂದು ಉತ್ತರ ಹೇಳುತ್ತದೆ. ಮೊದಮೊದಲು ಒಂದೇ ಸಂಖ್ಯೆಯನ್ನು ಒಪ್ಪಿಸುತ್ತಿತ್ತು. ಈಗ ಕಾರು ಪ್ರತಿ ಸಲವೂ ಹೊಸ ಪ್ರಶ್ನೆ ಕೇಳುತ್ತದೆ, ಚಿಪ್ ತನ್ನೊಳಗಿನ ಗುಟ್ಟಿನಿಂದ ಲೆಕ್ಕ ಹಾಕಿ ಉತ್ತರಿಸುತ್ತದೆ. ತಪ್ಪಿದರೆ ಇಂಧನ ಹರಿಯದು. ಇದೇ ಇಮ್ಮೊಬಿಲೈಸರ್. ಜರ್ಮನಿ, ಬ್ರಿಟನ್ನುಗಳಲ್ಲಿ 1998ರಿಂದ ಹೊಸ ಕಾರುಗಳಿಗೆ ಕಡ್ಡಾಯವಾಯಿತು. ಬರಬರುತ್ತ ನಮ್ಮಲ್ಲೂ ಸಾಮಾನ್ಯವಾಯಿತು. ನಿಮ್ಮ ಹೊಸ ನಕಲಿ ಕೀ ಬಾಗಿಲು ತೆರೆದೂ ಎಂಜಿನ್ ಹೊರಡದೆ, ಡ್ಯಾಶ್‌ಬೋರ್ಡಿನಲ್ಲಿ ಕೀ ಚಿತ್ರದ ದೀಪ ಮಿಟುಕುತ್ತಿದ್ದರೆ, ಕೈ ಸರಿಯಿದೆ, ಬಾಯಿ ಇಲ್ಲ ಎಂದು ತಿಳಿಯಬೇಕು.

ರಿಮೋಟ್ ಗುಂಡಿಯ ಕಥೆ ಬೇರೆ. ಅದು 1982ರ ರೆನೊ ಫ್ಯೂಗೊ ಕಾರಿನಿಂದ ಬಂದ ಸೌಕರ್ಯ. ಅದಕ್ಕೆ ಬ್ಯಾಟರಿ ಬೇಕು. ಹೆಚ್ಚಾಗಿ ಬಳಸುವುದು ಸಿಆರ್ 2032. ಹೆಸರಿನಲ್ಲೇ ಅಳತೆಯಿದೆ: 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಗುಂಡಿ ಸತ್ತಿತೆಂದು ಹೊಸ ರಿಮೋಟ್‌ಗೆ ಸಾವಿರಾರು ರೂಪಾಯಿ ತೆರಲು ಹೊರಟವರಿಗೆ ಒಳ್ಳೆಯ ಕೀಯವರು ಮೊದಲು ಹೇಳುವುದು ಈ ಬಿಲ್ಲೆಯನ್ನು ಬದಲಿಸಿ ನೋಡಿ ಎಂದೇ. ಗುಂಡಿ ಒತ್ತಿದಾಗಲೆಲ್ಲ ಹೊರಡುವ ಸಂಕೇತ ಹೊಸದಾಗಿರುತ್ತದೆ; ಹಳೆಯದನ್ನು ಯಾರಾದರೂ ಕದ್ದು ಹಿಡಿದಿಟ್ಟರೂ ಕಾರು ಅದನ್ನು ಮತ್ತೆ ಒಪ್ಪುವುದಿಲ್ಲ. ಕೀ ಜೇಬಿನಲ್ಲಿದ್ದರೇ ಸಾಕು ಎನ್ನುವ ಏರ್ಪಾಡು 1998ರ ಮರ್ಸಿಡಿಸ್ ಎಸ್-ಕ್ಲಾಸ್ ಮಾದರಿಯೊಂದಿಗೆ ಬಂತು. ಅಂಥ ಕೀಯ ಬ್ಯಾಟರಿ ಮುಗಿದರೂ ದಿಗಿಲು ಬೇಡ. ಒಳಗೆ ಅಡಗಿರುವ ಲೋಹದ ಕೀಯಿಂದ ಬಾಗಿಲು ತೆರೆದು, ರಿಮೋಟನ್ನೇ ಸ್ಟಾರ್ಟ್ ಗುಂಡಿಗೆ ಒತ್ತಿ ಹಿಡಿದರೆ ಬಹಳಷ್ಟು ಕಾರುಗಳು ಹೊರಡುತ್ತವೆ.

ಚೀಲ ಬಿಚ್ಚಿದಾಗ

ಮಲ್ಪೆಯಲ್ಲಿ ಅರ ಹೊರಗೆ ಬರಲಿಲ್ಲ. ಬಂದದ್ದು ‘ಲಿಶಿ’ ಎಂಬ ಚೀನಾದ ಉಪಕರಣ. ಕೀಯಂತೆ ಬೀಗದೊಳಗೆ ಹೋಗಿ ಒಂದೊಂದು ಬಿಲ್ಲೆಯ ಮಟ್ಟವನ್ನೂ ಹೊರಗಿನ ಗೆರೆಗಳಲ್ಲಿ ತೋರಿಸುತ್ತದೆ. ಅವರು ಕಿವಿಗೊಟ್ಟು, ಅಂಗೈಯಲ್ಲೇ ಅಂಕಿ ಬರೆದುಕೊಂಡರು. ಸ್ಕೂಟರಿನ ಡಿಕ್ಕಿಯಲ್ಲಿದ್ದ ಬ್ಯಾಟರಿ ಯಂತ್ರ ಆ ಅಂಕಿಗಳನ್ನು ಹಲ್ಲುಗಳಾಗಿ ಕೊರೆಯಿತು. ಬಾಗಿಲು ತೆರೆಯಿತು, ಅಲಾರಂ ಅರಚಿತು, ಕಡಲತೀರದವರೆಲ್ಲ ನನ್ನತ್ತ ತಿರುಗಿದರು.

ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಟ್ಯಾಬ್ಲೆಟ್ಟಿನ ತಂತಿ ಸಿಕ್ಕಿಸಿದ್ದು ಆಮೇಲೆ. ಅಲ್ಲಿಂದ ಮುಂದೆ ಪರಿಚಯದ ಶಾಸ್ತ್ರ: ಕಾರಿನ ಗುಪ್ತ ಪಿನ್ ಪಡೆಯುವುದು, ಹೊಸ ಚಿಪ್ಪನ್ನು ಹತ್ತಿರ ಹಿಡಿದು ‘ಇವನು ನಮ್ಮವನು’ ಎಂದು ಒಪ್ಪಿಸುವುದು. ಅವಸರ ಮಾಡುವಂತಿಲ್ಲ, ಕಳ್ಳನಿಗೆ ಬೇಸರ ಬರಲೆಂದೇ ಹತ್ತು ನಿಮಿಷ ಸುಮ್ಮನೆ ಕಾಯಿಸುವ ಕಾರುಗಳಿವೆ. ಇನ್ನು ಕೆಲವು ಕಾರುಗಳಲ್ಲಿ ಎಲ್ಲ ಕೀ ಕಳೆದರೆ ಎಲೆಕ್ಟ್ರಾನಿಕ್ ಘಟಕವನ್ನೇ ಬಿಚ್ಚಿ, ಅದರ ಮೆಮೊರಿ ಚಿಪ್ಪಿನಿಂದ ಗುಟ್ಟು ಓದಬೇಕು. ಒಂದು ಕೀ ಕೈಯಲ್ಲಿದ್ದಾಗ ಇನ್ನೊಂದು ಮಾಡಿಸುವುದಕ್ಕೂ, ಒಂದೂ ಇಲ್ಲದಾಗ ಮಾಡಿಸುವುದಕ್ಕೂ ದುಡ್ಡಿನಲ್ಲಿ ಅಜಗಜಾಂತರ ಇರುವುದು ಇದರಿಂದ.

ನಂಬಿಕೆಯೇ ಬಂಡವಾಳ

ಇದೇ ಟ್ಯಾಬ್ಲೆಟ್ ಕಳ್ಳನ ಕೈಗೂ ಸಿಗುತ್ತದೆ. ಚಿಪ್ಪುಗಳ ಗುಟ್ಟೂ ಅಭೇದ್ಯವಲ್ಲ: ಲಕ್ಷಾಂತರ ಕಾರುಗಳಲ್ಲಿದ್ದ ಒಂದು ಬಗೆಯ ಚಿಪ್ಪನ್ನು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2005ರಲ್ಲೇ ಭೇದಿಸಿ ತೋರಿಸಿದರು. ಜೇಬಿನ ಕೀಯ ಕಾರುಗಳಿಗೆ ಇನ್ನೊಂದು ಕಾಟ. ಒಬ್ಬ ಮನೆಬಾಗಿಲಲ್ಲಿ, ಇನ್ನೊಬ್ಬ ಕಾರಿನ ಪಕ್ಕ ನಿಂತು, ಒಳಗಿರುವ ಕೀಯ ಸಂಕೇತವನ್ನು ಉಪಕರಣಗಳ ಮೂಲಕ ದಾಟಿಸಿ ಕಾರನ್ನು ಏಮಾರಿಸುತ್ತಾರೆ. ಹೀಗಿರುವಾಗ ಕೀಯವರ ಕಸುಬನ್ನು ಕಳ್ಳತನದಿಂದ ಬೇರ್ಪಡಿಸುವುದು ಯಂತ್ರವಲ್ಲ, ಬೀಗ ಮುಟ್ಟುವ ಮುಂಚೆ ಕೇಳುವ ‘ಆರ್‌ಸಿ ತೋರಿಸಿ’ ಎಂಬ ಮಾತು. ಅದನ್ನು ಕೇಳದವರಿಗೆ ಕಾರು ಒಪ್ಪಿಸಬೇಡಿ. ಕೇಳದೆ ನಿಮಗೆ ಕೀ ಮಾಡಿಕೊಟ್ಟವರು ನಿಮ್ಮ ಕಾರಿನ ಕೀಯನ್ನು ಇನ್ನೊಬ್ಬನಿಗೂ ಮಾಡಿಕೊಟ್ಟಾರು.

ನಮ್ಮ ಕಡೆಯಿಂದ ಆಗಬೇಕಾದದ್ದೂ ಇದೆ. ಹೊಸ ಕಾರಿನ ಕೀ ಜೊತೆ ಬರುವ ಪುಟ್ಟ ಬಿಲ್ಲೆಯಲ್ಲಿ ಕೀ ನಂಬರಿದ್ದರೆ ಅದನ್ನು ಬರೆದಿಟ್ಟುಕೊಳ್ಳಿ. ಕೀಯ ಜೊತೆಗೇ ನೇತುಹಾಕಬೇಡಿ. ಹಳೆಯ ಕಾರು ಕೊಳ್ಳುವಾಗ ಎರಡೂ ಕೀ ಕೇಳಿ ಪಡೆಯಿರಿ, ಉಳಿದ ಕೀಗಳ ನೆನಪನ್ನು ಕಾರಿನಿಂದ ಅಳಿಸಿ. ಕಾರು ಕಳುವಾದರೆ ವಿಮಾ ಕಂಪನಿ ಎರಡು ಕೀಗಳನ್ನೂ ಕೇಳುತ್ತದೆ. ಹಾಗಾಗಿ ಒಂದು ಕಳೆದಾಗಲೇ ಪೊಲೀಸರಿಗೆ ತಿಳಿಸಿದ ದಾಖಲೆ ಇರಲಿ. ಕೀ ಬದಲಾವಣೆಯ ಖರ್ಚಿಗೆ ವಿಮೆಯಲ್ಲಿ ಪ್ರತ್ಯೇಕ ರಕ್ಷಣೆಯೂ ಸಿಗುತ್ತದೆ.

ಕಾರು ಹೊರಟಾಗ ಕತ್ತಲಾಗಿತ್ತು. “ಸಮುದ್ರಕ್ಕೆ ಹೋದ ಕೀಯನ್ನು ಕಾರು ಮರೆಯುವ ಹಾಗೆ ಮಾಡಿದ್ದೇನೆ ಸರ್” ಅಂದರು. “ಯಾರಿಗಾದರೂ ಸಿಕ್ಕಿದರೆ ಬಾಗಿಲು ತೆಗೆದಾರು, ಕೊಂಡುಹೋಗ್ಲಿಕ್ಕೆ ಆಗುದಿಲ್ಲ. ಆದರೆ ಇಲ್ಲಿ ಇಲ್ಲದ ಕೀ ಎಲ್ಲ ಅಳಿಸಿಹೋಗಿದೆ. ಮನೆಯದ್ದನ್ನು ಒಮ್ಮೆ ಸೇರಿಸಿಕೊಳ್ಳಿ.”

ಬೆಂಗಳೂರಿಗೆ ಬಂದ ಮೇಲೆ ಬೀರುವಿಗೆ ಕೀ ಮಾಡಿಕೊಟ್ಟವರು ನಮ್ಮ ಬೀದಿಯ ಫುಟ್‌ಪಾತಿನ ಮುದುಕರು. ಒಂದು ಖಾಲಿ ಕೀ, ಒಂದು ಅರ, ಕಾಲು ಗಂಟೆ. ಒಳಗೆ ಕಾರಿನ ಎರಡನೇ ಕೀ ಕೊಂಡ ದಿನದ ಹೊಳಪಿನಲ್ಲೇ ಮಲಗಿತ್ತು. ಹೋಗಿ ತಿರುಗಿಸಿ ನೋಡಿದೆ. ಕೀ ಚಿತ್ರದ ದೀಪ ಮಿಟುಕಿತು. ನೀರಿಗೆ ಬಿದ್ದವನಲ್ಲ, ಮನೆ ಬಿಟ್ಟು ಹೋದವನಲ್ಲ. ಆದರೂ ಕಾರು ಅವನನ್ನು ನೀನು ಯಾರು ಎಂದು ಕೇಳುತ್ತಿತ್ತು.