ಮಗುವಿನ ವಯಸ್ಸಿಗೆ ತಕ್ಕ ಕಾಡು

ಬೇಸಗೆಯ ರಜೆ ಸಮೀಪಿಸಿತೆಂದರೆ ಸಂತೆಕಟ್ಟೆ, ಕಲ್ಯಾಣಪುರ, ಉಡುಪಿಗಳ ಮನೆಮನೆಗಳಲ್ಲಿ ಒಂದು ಬೇಡಿಕೆ ತಲೆಯೆತ್ತುತ್ತದೆ: “ಅಪ್ಪಾ, ಈ ಸಲ ಹುಲಿ ನೋಡಲು ಹೋಗೋಣ.” ತಂದೆಯ ಮನಸ್ಸು ಕೂಡಲೇ ಬಂಡೀಪುರದತ್ತ ಹರಿಯುತ್ತದೆ. ಅದರ ಹೆಸರು ದೊಡ್ಡದು. 1973ರಲ್ಲಿ ದೇಶದಲ್ಲಿ ಹುಲಿ ಯೋಜನೆ ಆರಂಭವಾದಾಗ ಮೊದಲು ಆರಿಸಿದ ಒಂಬತ್ತು ಕಾಡುಗಳಲ್ಲಿ ಅದೂ ಒಂದು. ಆದರೆ ಮಕ್ಕಳೊಂದಿಗೆ ಹೊರಡುವವರು ಕಾಡಿನ ಕೀರ್ತಿಗಿಂತ ಮೊದಲು ಮಗುವಿನ ವಯಸ್ಸನ್ನು ನೋಡುವುದು ಲೇಸು.

ಸಫಾರಿ ಎಂದರೆ ಪೂರ್ವ ಆಫ್ರಿಕದ ಸ್ವಾಹಿಲಿ ಭಾಷೆಯಲ್ಲಿ ಪ್ರಯಾಣ. ನಮ್ಮಲ್ಲಿ ಈ ಹೆಸರಿನಿಂದ ಎರಡು ಬಗೆಯ ಸಂಚಾರಗಳು ನಡೆಯುತ್ತವೆ. ಬೇಲಿ ಹಾಕಿದ ವಿಶಾಲ ಆವರಣದಲ್ಲಿ ಪ್ರಾಣಿಗಳನ್ನು ಬಿಟ್ಟು, ವಾಹನದಲ್ಲಿ ಕುಳಿತವರಿಗೆ ತೋರಿಸುವುದು ಒಂದು. ನಿಜವಾದ ಅರಣ್ಯದೊಳಗೆ ಸಾಗುವುದು ಇನ್ನೊಂದು. ಮೊದಲನೆಯದರಲ್ಲಿ ಹುಲಿಯ ದರ್ಶನ ಬಹುಮಟ್ಟಿಗೆ ಖಚಿತ. ಎರಡನೆಯದರಲ್ಲಿ ಅದು ಹುಲಿಯ ಇಚ್ಛೆಗೆ ಬಿಟ್ಟದ್ದು.

ಐದು ವರ್ಷದೊಳಗಿನ ಮಗುವಿಗೆ ಇವೆರಡೂ ಬೇಡ. ಮಂಗಳೂರಿನ ಹೊರವಲಯದಲ್ಲಿರುವ ಪಿಲಿಕುಳದ ಡಾ. ಶಿವರಾಮ ಕಾರಂತ ನಿಸರ್ಗಧಾಮವೇ ಸಾಕು. ತುಳುವಿನಲ್ಲಿ ‘ಪಿಲಿ’ ಎಂದರೆ ಹುಲಿಯೆಂಬುದನ್ನು ನಮ್ಮ ಕಡೆಯ ಮಕ್ಕಳಿಗೆ ಬೇರೆ ಹೇಳಬೇಕಾಗಿಲ್ಲ. ಅಲ್ಲಿ ಮರದ ನೆರಳಿನಲ್ಲಿ ನಡೆಯಬಹುದು, ದಣಿದಾಗ ಕೂರಬಹುದು, ಮಗು ಅತ್ತರೆ ಹಿಂದಿರುಗಬಹುದು. ಬೆಳಗ್ಗೆ ಹೊರಟವರು ಸಂಜೆಯೊಳಗೆ ಮನೆ ಸೇರಬಹುದು.

ಆರರಿಂದ ಹತ್ತರ ವಯಸ್ಸಿನವರಿಗೆ ಶಿವಮೊಗ್ಗದ ದಾರಿ ಹಿತಕರ. ಆಗುಂಬೆ, ತೀರ್ಥಹಳ್ಳಿಗಳ ಮೂಲಕ ಸುಮಾರು 150 ಕಿಲೋಮೀಟರ್. ಘಾಟಿಯ ತಿರುವುಗಳಲ್ಲಿ ಹೊಟ್ಟೆ ತೊಳಸುವ ಮಕ್ಕಳಿಗೆ ಲಘುವಾದ ತಿಂಡಿ ಕೊಟ್ಟು ಹೊರಡಬೇಕು. ಶಿವಮೊಗ್ಗ ತಲುಪುವ ಮುನ್ನವೇ, ತುಂಗೆಯ ಹಿನ್ನೀರಿನ ಪಕ್ಕದಲ್ಲಿ ಸಕ್ರೆಬೈಲಿನ ಆನೆ ಬಿಡಾರವಿದೆ. ಮುಂಜಾನೆ ಮಾವುತರು ಆನೆಗಳನ್ನು ನೀರಿಗಿಳಿಸಿ ಮೈಯುಜ್ಜುವುದನ್ನು ಕಣ್ತುಂಬ ನೋಡಬಹುದು. ಆದುದರಿಂದ ಹಿಂದಿನ ರಾತ್ರಿ ತೀರ್ಥಹಳ್ಳಿಯಲ್ಲೋ ಶಿವಮೊಗ್ಗದಲ್ಲೋ ತಂಗುವುದು ಅನುಕೂಲ. ಅನಂತರ ಸಾಗರ ರಸ್ತೆಯ ತ್ಯಾವರೆಕೊಪ್ಪದಲ್ಲಿ, 1988ರಿಂದ ನಡೆದುಬಂದಿರುವ ಹುಲಿ ಸಿಂಹಗಳ ಸಫಾರಿಯನ್ನು ನೋಡಿ ಮರಳಬಹುದು.

ಹತ್ತು ದಾಟಿದ, ಎರಡು ಮೂರು ಗಂಟೆ ಸದ್ದಿಲ್ಲದೆ ಕೂರಬಲ್ಲ ಮಕ್ಕಳಿಗೆ ನಿಜವಾದ ಕಾಡು ರುಚಿಸುತ್ತದೆ. ಭದ್ರಾ ಅಭಯಾರಣ್ಯದ ಲಕ್ಕವಳ್ಳಿಯಲ್ಲಿ ಜೀಪಿನ ಜತೆಗೆ ದೋಣಿಯ ಸಂಚಾರವೂ ಉಂಟು. ಹುಲಿ ಕಾಣದಿದ್ದರೂ ನೀರಿಗೆ ಬರುವ ಆನೆ, ಜಿಂಕೆ, ದ್ವೀಪಗಳಲ್ಲಿ ಗೂಡುಕಟ್ಟುವ ಹಕ್ಕಿಗಳು ಮಕ್ಕಳ ಗಮನವನ್ನು ಹಿಡಿದಿಡುತ್ತವೆ. ಬಂಡೀಪುರ ನಮಗೆ ಮುನ್ನೂರು ಕಿಲೋಮೀಟರಿಗೂ ದೂರ. ಪ್ರಯಾಣಕ್ಕೇ ಹೋಗಲೊಂದು ದಿನ, ಬರಲೊಂದು ದಿನ. ಅಲ್ಲಿನ ಅರಣ್ಯದೊಳಗಿನ ಹೆದ್ದಾರಿಯಲ್ಲಿ 2009ರಿಂದ ರಾತ್ರಿಯ ಸಂಚಾರಕ್ಕೆ ನಿರ್ಬಂಧವಿದೆಯೆಂಬುದನ್ನೂ ಮರೆಯಬಾರದು.

2025ರ ನವೆಂಬರಿನಲ್ಲಿ, ಕಾಡಂಚಿನ ಊರುಗಳಲ್ಲಿ ಹುಲಿಯ ದಾಳಿಗೆ ಜನ ಬಲಿಯಾದಾಗ, ಸರಕಾರವು ಬಂಡೀಪುರ, ನಾಗರಹೊಳೆಗಳ ಸಫಾರಿಯನ್ನು ನಿಲ್ಲಿಸಿತು. ಯಾವ ಕಾಡಿಗೇ ಆಗಲಿ, ಅರಣ್ಯ ಇಲಾಖೆಯಲ್ಲಿ ವಿಚಾರಿಸಿಕೊಂಡೇ ಹೊರಡಬೇಕೆಂಬುದಕ್ಕೆ ಇದೊಂದು ಪಾಠ. ನಮಗೆ ಎರಡು ದಿನದ ವಿನೋದವಾದ ಹುಲಿಯೊಡನೆ ಅಲ್ಲಿನ ರೈತರು ವರ್ಷವಿಡೀ ಬಾಳಬೇಕಾಗಿದೆ ಎಂಬ ಮಾತನ್ನು ದಾರಿಯಲ್ಲಿ ಮಕ್ಕಳಿಗೂ ತಿಳಿಸಿ ಹೇಳಬೇಕು.

ಇನ್ನು ಎಚ್ಚರಿಕೆ. 2025ರ ಆಗಸ್ಟಿನಲ್ಲಿ ಬನ್ನೇರುಘಟ್ಟದ ಸಫಾರಿಯಲ್ಲಿ, ವಾಹನದ ಕಿಟಕಿಯ ಬಳಿ ಕುಳಿತಿದ್ದ ಬಾಲಕನ ಕೈಯನ್ನು ಚಿರತೆಯೊಂದು ಪರಚಿತು. ಬೇಲಿಯೊಳಗಿನ ಪ್ರಾಣಿಯೂ ಕಾಡುಪ್ರಾಣಿಯೇ. ಮಗುವನ್ನು ದೊಡ್ಡವರಿಬ್ಬರ ನಡುವೆ ಕೂರಿಸಿ; ಕೈ ಹೊರಚಾಚಲು ಬಿಡಬೇಡಿ.

ಮಲೆನಾಡಿನ ಕಾಡಿಗೆ ಹೋಗುವವರು ಉಣುಗುಗಳ ವಿಷಯದಲ್ಲಿಯೂ ಜಾಗರೂಕರಾಗಿರಬೇಕು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆಯನ್ನು ಹರಡುವುದು ಇವೇ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಅದರ ಹಾವಳಿ ಹೆಚ್ಚು. ನಮ್ಮ ಬೇಸಗೆ ರಜೆಯೂ ಆಗಲೇ. ಮಕ್ಕಳಿಗೆ ಉದ್ದತೋಳಿನ ಅಂಗಿ, ಕಾಲುಮುಚ್ಚುವ ಚಲ್ಲಣ ತೊಡಿಸಿ. ತರಗೆಲೆಗಳ ಮೇಲೆ ಕೂರಿಸಬೇಡಿ. ತಂಗುವ ಮನೆಗೆ ಬಂದೊಡನೆ ಬಿಸಿನೀರಿನ ಸ್ನಾನ ಮಾಡಿಸಿ ಮೈ ಪರೀಕ್ಷಿಸಿ. ಮರಳಿದ ಮೇಲೆ ಜ್ವರ ಬಂದರೆ, ಕಾಡಿಗೆ ಹೋಗಿದ್ದ ಸಂಗತಿಯನ್ನು ವೈದ್ಯರಿಗೆ ತಪ್ಪದೆ ತಿಳಿಸಿ.

ಇಷ್ಟನ್ನು ಲೆಕ್ಕಹಾಕಿದ ಮೇಲೆ ಈ ವರ್ಷದ ಸರದಿ ಪಿಲಿಕುಳದ್ದೇ ಆದರೆ ಮನೆಯ ಯಜಮಾನರು ಬೇಸರಿಸಬೇಕಾಗಿಲ್ಲ. ಮಗು ಬೆಳೆಯುತ್ತದೆ, ಬಂಡೀಪುರ ಅಲ್ಲಿಯವರೆಗೆ ಕಾದಿರುತ್ತದೆ.